ಓಪನ್ ಸೋರ್ಸ್ ಪ್ರಾಜೆಕ್ಟಿನ ಹೆಸರು ಬದಲಿಸುವ ಮುನ್ನ

ಬೇಜಾರಾಯಿತು ಅಂತ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಪ್ರಾಜೆಕ್ಟಿನ ಹೆಸರು ಬದಲಿಸಬೇಡಿ. ಬದಲಿಸಲು ನನ್ನ ಪ್ರಕಾರ ಗಟ್ಟಿ ಕಾರಣ ಎರಡೇ. ಹೆಸರಿನ ಮೇಲೆ ಬೇರೆಯವರ ಹಕ್ಕಿರಬೇಕು, ಇಲ್ಲವೇ ಹೆಸರು ನೋಡಿಯೇ ಜನ ವಾಪಸ್ ಹೋಗುತ್ತಿರಬೇಕು.

ನಮ್ಮದು ಎರಡನೆಯದು. ಹುಬ್ಬಳ್ಳಿಯ ನಾವು ಕೆಲವು ಗೆಳೆಯರು ದಲಾಲಿ ಅಂಗಡಿಗಳಿಗಾಗಿ ಆಂಡ್ರಾಯ್ಡ್ ಮತ್ತು ಕಂಪ್ಯೂಟರ್‌ನಲ್ಲಿ ನಡೆಯುವ ಸಣ್ಣ ಸಾಫ್ಟ್‌ವೇರ್ ಬರೆಯುತ್ತೇವೆ. ಚೀಲ, ತೂಕ, ಹಮಾಲಿ ತುಂಬಿದರೆ ರೈತರಿಗೆ ಕೊಡುವ ಲೆಕ್ಕದ ಪಟ್ಟಿ ಸಿದ್ಧ. ಮೊದಲು ಬಳಸಿದವರು ಬ್ಯಾಡಗಿಯವರು, ಹಾಗಾಗಿ ‘ಮೆಣಸಿನಕಾಯಿ ಪಟ್ಟಿ’ ಅಂತ ಹೆಸರಿಟ್ಟೆವು. ಅಮರಗೋಳ ಎಪಿಎಂಸಿಯ ಹತ್ತಿ, ಶೇಂಗಾ ಅಂಗಡಿಗಳಿಗೂ ಅದು ಹೊಂದುತ್ತದೆ. ಆದರೆ ಅವರು, ‘ಇದು ಮೆಣಸಿನಕಾಯಿಯವರದ್ದು ಅಲ್ವಾ?’ ಅಂತ ಕೇಳಿ ಸುಮ್ಮನಾಗುತ್ತಾರೆ. ಸಿನಿಮಾ, ಹಾಡು ನಡೆಸುವ ಎಕ್ಸ್‌ಬಿಎಂಸಿ ಎಂಬ ಸಾಫ್ಟ್‌ವೇರ್‌ಗೂ ಇಂಥದ್ದೇ ತೊಂದರೆ ಇತ್ತು. ಎಕ್ಸ್‌ಬಾಕ್ಸ್ ಎಂಬ ಗೇಮ್ ಯಂತ್ರಕ್ಕಾಗಿ ಹುಟ್ಟಿ, ಬೇರೆಲ್ಲ ಕಡೆ ಹರಡಿ, 2014ರಲ್ಲಿ ಕೋಡಿ ಆಯಿತು.

ಹಕ್ಕಿನ ವಿಷಯ ಬೇರೆ. ಓಪನ್ ಸೋರ್ಸ್ ಲೈಸೆನ್ಸ್ ನಿಮಗೆ ಕೋಡನ್ನು ಬಳಸಲು ಬಿಟ್ಟರೂ ಹೆಸರಿನ ಹಕ್ಕು ಕೊಡಬೇಕೆಂದಿಲ್ಲ. ನೆಟ್‌ವರ್ಕ್‌ನಲ್ಲಿ ಓಡಾಡುವ ಮಾಹಿತಿ ಪರೀಕ್ಷಿಸುವ ‘ಇಥೀರಿಯಲ್’ ಸಾಫ್ಟ್‌ವೇರ್ ಬರೆದ ಜೆರಾಲ್ಡ್ ಕಾಂಬ್ಸ್ 2006ರಲ್ಲಿ ಕೆಲಸ ಬದಲಿಸಿದಾಗ ಆ ಹೆಸರು ಹಳೆಯ ಕಂಪನಿಯ ಬಳಿ ಉಳಿಯಿತು. ಕೋಡ್ ವೈರ್‌ಶಾರ್ಕ್ ಆಗಿ ಮುಂದುವರಿಯಿತು.

ಹೆಸರು ಉಚ್ಚರಿಸಲು ಕಷ್ಟ ಅನ್ನುವುದಷ್ಟೇ ದೂರಾದರೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನವರ ದಾರಿ ಹಿಡಿಯಿರಿ. ಅವರು ಉದ್ದದ ಹೆಸರು ಉಳಿಸಿಕೊಂಡೇ ‘ಪೋಸ್ಟ್‌ಗ್ರೆಸ್’ ಅನ್ನುವುದನ್ನೂ ಒಪ್ಪಿಕೊಂಡರು. ನನಗೆ ಬಹಳ ಹಿಡಿಸಿದ ತೀರ್ಮಾನ ಅದು.

ಬದಲಿಸುವುದೇ ಸರಿ ಅನಿಸಿದರೆ, ಹೊಸ ಹೆಸರು ಆಗಲೇ ಬೇರೆಯವರ ಬಳಿ ಇದೆಯಾ ಅಂತ ಮೊದಲು ಹುಡುಕಿ. ಫೈರ್‌ಫಾಕ್ಸ್ ಮೊದಲು ಫೀನಿಕ್ಸ್ ಆಗಿತ್ತು. 2003ರಲ್ಲಿ ಫೈರ್‌ಬರ್ಡ್ ಆಯಿತು, ಆದರೆ ಆ ಹೆಸರಿನ ಡೇಟಾಬೇಸ್ ಆಗಲೇ ಇತ್ತು. 2004ರಲ್ಲಿ ಮತ್ತೆ ಬದಲಿಸಬೇಕಾಯಿತು. ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ಸಾಫ್ಟ್‌ವೇರ್ ಬರುವ 9 ಮತ್ತು 42ನೇ ವರ್ಗ ನೋಡಿ. ಗಿಟ್‌ಹಬ್ (ಕೋಡ್ ಇಡುವ ತಾಣ), ಪೈಪಿಐ (ಪೈಥಾನ್ ಪ್ಯಾಕೇಜ್‌ಗಳ ತಾಣ), ಪ್ಲೇ ಸ್ಟೋರ್, ಡೊಮೇನ್ ಎಲ್ಲ ನೋಡಿ. ಆಮೇಲೆ ಅಂಗಡಿಯ ಗುಮಾಸ್ತರಿಗೆ ಫೋನಿನಲ್ಲಿ ಹೊಸ ಹೆಸರು ಹೇಳಿ ಬರೆಯಿಸಿ. ತಪ್ಪು ಬರೆದರೆ ಆ ಹೆಸರು ಬಿಡಿ.

ಜಾಸ್ತಿ ಜೋಪಾನ ಬೇಕಾಗುವುದು ಹಳೆಯ ಹೆಸರಿಗೆ. ಗಿಟ್‌ಹಬ್ ಹಳೆಯ ವಿಳಾಸದಿಂದ ಹೊಸದಕ್ಕೆ ತಾನೇ ಕಳಿಸುತ್ತದೆ. ಆದರೆ ಹಳೆಯ ಹೆಸರಿನಲ್ಲಿ ಇನ್ನೊಂದು ರೆಪೊಸಿಟರಿ (ಕೋಡಿನ ಕಣಜ) ತೆರೆದರೆ ಆ ದಾರಿ ತಪ್ಪಿಹೋಗುತ್ತದೆ. ಪೈಪಿಐನಲ್ಲಿ ಹೆಸರು ಬದಲಿಸಲು ಬರುವುದಿಲ್ಲ. ಹೊಸ ಪ್ಯಾಕೇಜ್ ಹಾಕಿ, ಹಳೆಯದು ಅದನ್ನೇ ತರಿಸಿಕೊಳ್ಳುವಂತೆ ಮಾಡಿ. ಆಂಡ್ರಾಯ್ಡ್‌ನಲ್ಲಿ ಕಾಣುವ ಹೆಸರು ಬದಲಿಸಿ, ಆ್ಯಪನ್ನು ಫೋನ್ ಗುರುತಿಸುವ ಅಪ್ಲಿಕೇಶನ್ ಐಡಿ ಮಾತ್ರ ಮುಟ್ಟಬೇಡಿ. ಮುಟ್ಟಿದರೆ ಫೋನಿಗೆ ಅದು ಬೇರೆಯೇ ಆ್ಯಪ್. ರೈತರ ಬಾಕಿ ಲೆಕ್ಕವೆಲ್ಲ ಹಳೆಯದರಲ್ಲೇ ಉಳಿಯುತ್ತದೆ. ಕಂಪ್ಯೂಟರ್‌ನಲ್ಲೂ ಹಾಗೇ, ಹೊಸ ಆವೃತ್ತಿ ಲೆಕ್ಕ ಇರುವ ಹಳೆಯ ಫೋಲ್ಡರನ್ನೂ ಹುಡುಕಲಿ. ಹಳೆಯ ಡೊಮೇನಿಗೆ ದುಡ್ಡು ಕಟ್ಟುತ್ತಲೇ ಇರಿ.

ಸಮಯವನ್ನೂ ನೋಡಿ. ಬ್ಯಾಡಗಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಆವಕ ಜೋರು, ಆಗ ಬೇಡವೇ ಬೇಡ. ನಾವು ಮಳೆಗಾಲದಲ್ಲಿ ಬದಲಿಸುತ್ತೇವೆ. ಮುಂದಿನ ಸುಗ್ಗಿ ಮುಗಿಯುವವರೆಗೂ ಮೊದಲ ಪರದೆಯಲ್ಲಿ, ಹೊಸ ಹೆಸರಿನ ಕೆಳಗೆ ‘ಮೊದಲು ಮೆಣಸಿನಕಾಯಿ ಪಟ್ಟಿ’ ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ.