ಹೊಸ ಅಡುಗೆ ಪುಸ್ತಕ ಕೊಳ್ಳುವ ಮುನ್ನ ಈರುಳ್ಳಿಯ ಸಾಲು ಓದಿ

ಅಂಗಡಿಯಲ್ಲಿ ಅಡುಗೆ ಪುಸ್ತಕ ಕೈಗೆತ್ತಿಕೊಂಡಾಗ ಚಿತ್ರ ನೋಡುವುದು ಆಮೇಲೆ. ಮೊದಲು ಈರುಳ್ಳಿ ಹುರಿಯುವ ಸಾಲು ಎಲ್ಲಿದೆ ಹುಡುಕಿ. ‘ಐದು ನಿಮಿಷ ಹುರಿದರೆ ಕಂದು ಬಣ್ಣಕ್ಕೆ ಬರುತ್ತದೆ’ ಎಂದು ಬರೆದಿದ್ದರೆ ಆ ಪುಸ್ತಕವನ್ನು ಇದ್ದಲ್ಲೇ ಇಡಬಹುದು. ಐದು ನಿಮಿಷಕ್ಕೆ ಈರುಳ್ಳಿ ಮೆತ್ತಗಾಗುತ್ತದೆ, ಅಷ್ಟೆ. ಒಳಗಿನ ನೀರು ಆವಿಯಾಗುವವರೆಗೆ ಅದರ ಬಿಸಿ ಹೆಚ್ಚು ಏರುವುದಿಲ್ಲ. ಬಿಸಿ ಏರದೆ ಬಣ್ಣವೂ ಬರುವುದಿಲ್ಲ. ಎರಡು ಈರುಳ್ಳಿ ಚೆನ್ನಾಗಿ ಕೆಂಪಗಾಗಲು ಮಧ್ಯಮ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷವಾದರೂ ಬೇಕು. ಇಷ್ಟನ್ನು ಸರಿಯಾಗಿ ಬರೆದವರು ಒಲೆ ಮುಂದೆ ನಿಂತು ಬರೆದಿದ್ದಾರೆ ಎಂದು ನಂಬಬಹುದು.

ಎಲ್ಲ ಅಡುಗೆಯೂ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುವಾಗ ಪುಸ್ತಕಕ್ಕೆ ದುಡ್ಡು ಯಾಕೆ ಅಂತ ಕೇಳುವವರಿದ್ದಾರೆ. ಒಂದೇ ಒಂದು ಅಡುಗೆ ಬೇಕಿದ್ದರೆ ವಿಡಿಯೊ ಸಾಕು. ಆದರೆ ಒಂದು ಸೀಮೆಯ ಊಟ ಪೂರ್ತಿಯಾಗಿ ಹೇಗಿರುತ್ತದೆ, ಯಾವುದರ ಜೊತೆ ಯಾವುದು ಹೊಂದುತ್ತದೆ, ಹೀಗೇ ಯಾಕೆ ಮಾಡಬೇಕು ಎಂಬುದಕ್ಕೆ ಪುಸ್ತಕವೇ ಬೇಕು. ಆಯ್ಕೆ ಶುರುವಾಗುವುದೂ ಅಲ್ಲಿಂದಲೇ.

ಯಾವ ಬಗೆಯದು ಬೇಕು ಎಂದು ತೀರ್ಮಾನಿಸಿ

ದಿನವೂ ಅಡುಗೆ ಮಾಡುತ್ತೀರಿ, ಕೈ ಪಳಗಿದೆ, ಆದರೂ ಕೆಲವು ದಿನ ಯಾಕೆ ಕೆಡುತ್ತದೆ ಗೊತ್ತಾಗುವುದಿಲ್ಲ ಅನ್ನುವವರಿಗೆ ಕಾರಣ ಹೇಳುವ ಪುಸ್ತಕ ಸರಿ. ನಾನು ಮೊದಲು ಹೇಳುವುದು ಕ್ರಿಶ್ ಅಶೋಕ್ ಅವರ ‘ಮಸಾಲಾ ಲ್ಯಾಬ್’ (2020). ಇಂಗ್ಲಿಷಿನಲ್ಲಿದೆ, ವಿಷಯ ಮಾತ್ರ ನಮ್ಮ ಅಡುಗೆಮನೆಯ ವಿಜ್ಞಾನ. ಇನ್ನೊಂದು ಸಮೀನ್ ನೊಸ್ರತ್ ಅವರ ‘ಸಾಲ್ಟ್ ಫ್ಯಾಟ್ ಆಸಿಡ್ ಹೀಟ್’ (2017). ಅದರ ಮೊದಲ ಭಾಗವೆಲ್ಲ ಉಪ್ಪು, ಜಿಡ್ಡು, ಹುಳಿ, ಬಿಸಿ ಈ ನಾಲ್ಕರ ಕೆಲಸದ ವಿವರಣೆ. ಫೋಟೊಗಳ ಬದಲು ಕೈಯಲ್ಲಿ ಬಿಡಿಸಿದ ಚಿತ್ರಗಳಿವೆ. ನಿಮ್ಮ ಅಡುಗೆ ಆ ಫೋಟೊದ ಹಾಗೆ ಕಾಣಲಿಲ್ಲ ಅನ್ನುವ ಕೊರಗೇ ಇಲ್ಲ! ಅವರ ಎರಡನೆಯ ಪುಸ್ತಕ ‘ಗುಡ್ ಥಿಂಗ್ಸ್’ 2025ರಲ್ಲಿ ಬಂದಿದೆ. ಆದರೂ ಮೊದಲನೆಯದರಿಂದಲೇ ಶುರು ಮಾಡಿ.

ಪಕ್ಕದ ಸೀಮೆಯ ರುಚಿ ಬೇಕಿದ್ದರೆ ಅರ್ಚನಾ ಪಿಡತಲ ಅವರ ‘ಫೈವ್ ಮಾರ್ಸೆಲ್ಸ್ ಆಫ್ ಲವ್’ (2016) ಇದೆ. ಅಜ್ಜಿ 1974ರಲ್ಲಿ ತೆಲುಗಿನಲ್ಲಿ ಬರೆದ ಅಡುಗೆ ಪುಸ್ತಕವನ್ನು ಮೊಮ್ಮಗಳು ಇಂದಿನ ಅಡುಗೆಮನೆಗೆ ಒಗ್ಗಿಸಿರುವ ಆಂಧ್ರದ ಅಡುಗೆಗಳು. ಬಳ್ಳಾರಿ, ಕೋಲಾರದ ಕಡೆಯವರಿಗೆ ಈ ಖಾರ ಹೊಸದೇನೂ ಅಲ್ಲ. ಬೆಳಗಾವಿ ಕಡೆಯ ಓದುಗರಿಗೆ ಸಯೀ ಕೊರಾಣೆ-ಖಾಂಡೇಕರ್ ಅವರ ‘ಪಂಗತ್’ (2019) ಹಿಡಿಸಬಹುದು. ಮರಾಠಿ ಮನೆಗಳ ಬೇರೆ ಬೇರೆ ಅಡುಗೆಗಳನ್ನು ಒಟ್ಟಿಗೆ ತಂದಿದೆ.

ಇವನ್ನೆಲ್ಲ ಅಳೆಯಲು ಒಂದು ಹಳೆಯ ಪುಸ್ತಕವೂ ಮನೆಯಲ್ಲಿರಲಿ. ಎಸ್. ಮೀನಾಕ್ಷಿ ಅಮ್ಮಾಳ್ ಅವರ ‘ಸಮೈತ್ತು ಪಾರ್’ 1951ರಲ್ಲಿ ತಮಿಳಿನಲ್ಲಿ ಬಂತು, ಇಂಗ್ಲಿಷಿನಲ್ಲೂ ಇದೆ. ಮಿರುಗುವ ಫೋಟೊಗಳ ಆಸರೆಯಿಲ್ಲದೆಯೇ ಇವತ್ತಿಗೂ ಬಾಳುತ್ತಿದೆ. ನಮ್ಮ ಕನ್ನಡದ ಅನೇಕ ಅಡುಗೆ ಪುಸ್ತಕಗಳಲ್ಲಿ ಜಾಗ ಕಡಿಮೆ, ಅಡುಗೆ ಜಾಸ್ತಿ. ‘ರುಚಿಗೆ ತಕ್ಕಷ್ಟು ಉಪ್ಪು’ ಸರಿ, ಒಪ್ಪೋಣ. ಆದರೆ ಚಕ್ಕುಲಿ ಹಿಟ್ಟಿಗೆ ‘ಬೇಕಾದಷ್ಟು ನೀರು’ ಅಂದರೆ ಹೊಸಬರು ಏನು ಮಾಡಬೇಕು?

ಗೊತ್ತಿರುವ ಅಡುಗೆಯಿಂದ ಪರೀಕ್ಷೆ ಮಾಡಿ

ಕಣ್ಣು ಮುಚ್ಚಿಕೊಂಡು ಮಾಡಬಲ್ಲ ಅಡುಗೆ ಎಲ್ಲರಿಗೂ ಒಂದಿರುತ್ತದೆ ಅಲ್ವಾ? ಪುಸ್ತಕದಲ್ಲಿ ಅದೇ ಪುಟ ತೆಗೆಯಿರಿ. ಉದಾಹರಣೆಗೆ ತಿಳಿಸಾರು. ಬೇಳೆ ಬೇಯುವ ಮೊದಲೇ ಹುಣಸೆ ರಸ ಸುರಿಯಿರಿ ಅಂದಿದ್ದರೆ ಅನುಮಾನಪಡಿ. ಹುಳಿ ಬಿದ್ದರೆ ಬೇಳೆ ಬೇಗ ಕರಗುವುದಿಲ್ಲ. ಬಿಸಿಬೇಳೆಬಾತಿಗೂ ಇದೇ ಮಾತು. ಅದರ ಪುಡಿಯಲ್ಲಿ ಮರಾಠಿ ಮೊಗ್ಗು ಕಾಣದಿದ್ದರೆ ಬರೆದವರು ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಉಂಡವರಲ್ಲ ಅಂತ ನನ್ನ ಅಂದಾಜು.

ಆಮೇಲೆ ಮೆಣಸಿನಕಾಯಿ ನೋಡಿ. ‘ಎಂಟು ಒಣಮೆಣಸಿನಕಾಯಿ’ ಎಂದು ಸುಮ್ನೆ ಬರೆದುಬಿಟ್ಟರೆ ಸಾಲದು. ಎಂಟು ಬ್ಯಾಡಗಿ ಹಾಕಿದರೆ ಬಣ್ಣ ಬರುತ್ತದೆ, ಎಂಟು ಗುಂಟೂರು ಹಾಕಿದರೆ ಕಣ್ಣಲ್ಲಿ ನೀರು ಬರುತ್ತದೆ. ತೆಂಗಿನತುರಿಯನ್ನು ಬಟ್ಟಲಲ್ಲಿ ಒತ್ತಿ ತುಂಬಬೇಕೋ ಹಗುರವಾಗಿ ತುಂಬಬೇಕೋ ಎಂದು ಬರೆದಿದ್ದರಂತೂ ಕಣ್ಣುಮುಚ್ಚಿ ಕೊಂಡುಕೊಳ್ಳಿ.

ಇನ್ನು ಸಣ್ಣಪುಟ್ಟವು. ಎಷ್ಟು ಜನರಿಗೆ ಅಂತ ಇದೆಯೇ? ಕೊನೆಯಲ್ಲಿ ಪದಸೂಚಿ ಇದೆಯೇ? ಒಂದು ಪಲ್ಯಕ್ಕಾಗಿ 14ನೇ ಪುಟದ ಪೇಸ್ಟು, 112ನೇ ಪುಟದ ಪುಡಿ ಅಂತ ಓಡಾಡಿಸುತ್ತದೆಯೇ? ಆನ್‌ಲೈನ್ ಅಂಗಡಿಗಳಲ್ಲಿ ಯಂತ್ರದಿಂದ ಬರೆಸಿದ ಅಡುಗೆ ಪುಸ್ತಕಗಳೂ ಸೇರಿಕೊಂಡಿವೆ. ಸಾಮಗ್ರಿ ಪಟ್ಟಿಯಲ್ಲಿರುವುದು ವಿಧಾನದಲ್ಲಿ ಬರದೇ ಹೋದರೆ, ಒಬ್ಬರೇ ಲೇಖಕರು ಕೆಲವೇ ತಿಂಗಳಲ್ಲಿ ಹತ್ತಾರು ಪುಸ್ತಕ ಬರೆದಿದ್ದರೆ ದೂರ ಇರಿ. ಇ-ಪುಸ್ತಕಗಳ ಮೊದಲ ಕೆಲವು ಪುಟ ಸಾಮಾನ್ಯವಾಗಿ ಪುಕ್ಕಟೆ ಓದಲು ಸಿಗುತ್ತವೆ. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ನಿಂತು ತಿರುವಿ ಹಾಕಬಹುದು, ಬೆಲೆಯೂ ಕಡಿಮೆ.

ಅಳತೆಗಳನ್ನು ನಮ್ಮ ಮನೆಗೆ ಇಳಿಸಿ

ವಿದೇಶದ ಪುಸ್ತಕ ತಂದವರು ಜಾಸ್ತಿ ಎಡವುವುದು ಇಲ್ಲೇ. ಅಮೆರಿಕದ ಒಂದು ಕಪ್ ಎಂದರೆ ಸುಮಾರು 240 ಮಿಲಿ ಲೀಟರ್. ನಮ್ಮ ಕಾಫಿ ಲೋಟ ಅಲ್ಲ. ಟೇಬಲ್ ಚಮಚ 15 ಮಿಲಿ, ಟೀ ಚಮಚ 5 ಮಿಲಿ. ಪುಸ್ತಕ ಆಸ್ಟ್ರೇಲಿಯಾದ್ದಾದರೆ ಟೇಬಲ್ ಚಮಚ 20 ಮಿಲಿ. ಒಂದು ಕಪ್ ಸಕ್ಕರೆ 200 ಗ್ರಾಂ ತೂಗಿದರೆ ಮೈದಾ ಬರೀ 120ರಿಂದ 130 ಗ್ರಾಂ ತೂಗುತ್ತದೆ. ಅದಕ್ಕೇ ಕೇಕು, ಬ್ರೆಡ್ಡಿನ ಪುಸ್ತಕವಾದರೆ ಗ್ರಾಂ ಲೆಕ್ಕ ಇರುವುದನ್ನೇ ಆರಿಸಿ, ಒಂದು ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ‘ಒಂದು ಸ್ಟಿಕ್ ಬೆಣ್ಣೆ’ ಎಂದರೆ 113 ಗ್ರಾಂ. 350 ಡಿಗ್ರಿ ಫ್ಯಾರನ್‌ಹೀಟ್ ಎಂದರೆ ಓಟಿಜಿಯಲ್ಲಿ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) 175ರಿಂದ 180 ಸೆಲ್ಸಿಯಸ್. ಫ್ಯಾನ್ ಇರುವ ಓವನ್ ಆದರೆ 20 ಡಿಗ್ರಿ ಇಳಿಸಿ.

ಉಪ್ಪಿನ ವಿಷಯ ಇನ್ನೂ ಸೂಕ್ಷ್ಮ. ಅಮೆರಿಕದ ಬಾಣಸಿಗರು ಬಳಸುವ ಕೋಷರ್ ಉಪ್ಪು ಹಗುರವಾದ ಹಳಕು ಹಳಕು. ಅದರಲ್ಲಿ ಡೈಮಂಡ್ ಕ್ರಿಸ್ಟಲ್ ಎಂಬ ಬ್ರ್ಯಾಂಡಿನದು ಒಂದು ಟೀ ಚಮಚಕ್ಕೆ ಹೆಚ್ಚುಕಡಿಮೆ 3 ಗ್ರಾಂ ತೂಗುತ್ತದೆ. ನಮ್ಮ ಪುಡಿ ಉಪ್ಪು ಅದೇ ಚಮಚದಲ್ಲಿ 6 ಗ್ರಾಂ. ಪುಸ್ತಕದಲ್ಲಿ ಎರಡು ಚಮಚ ಅಂದಿದ್ದರೆ ಒಂದೇ ಹಾಕಿ ರುಚಿ ನೋಡಿ. ನಿಂಬೆಹಣ್ಣಿನದು ಇದಕ್ಕೆ ಉಲ್ಟಾ. ಅವರ ಹಳದಿ ಲೆಮನ್ ದೊಡ್ಡದು, ನಮ್ಮ ನಿಂಬೆ ಎರಡು ಬೇಕಾದೀತು. ಬೆಳ್ಳುಳ್ಳಿ ಎಸಳೂ ನಮ್ಮದು ಚಿಕ್ಕದು. ಅವರ ಹೆವಿ ಕ್ರೀಮಿನಲ್ಲಿ, ಅಂದರೆ ಗಟ್ಟಿ ಕೆನೆಯಲ್ಲಿ, ಕೊಬ್ಬು 36 ಶೇಕಡಾ ಅಥವಾ ಅದಕ್ಕೂ ಜಾಸ್ತಿ. ಇಲ್ಲಿ ಸಾಮಾನ್ಯವಾಗಿ ಸಿಗುವ ಅಮುಲ್ ಫ್ರೆಶ್ ಕ್ರೀಮಿನಲ್ಲಿ 25 ಶೇಕಡಾ. ಎಷ್ಟು ಕಡೆದರೂ ಅದು ಗಟ್ಟಿಯಾಗಿ ಉಬ್ಬಿ ನಿಲ್ಲುವುದಿಲ್ಲ, ಸಾರಿನ ಮೇಲೆ ಹಾಕಲಷ್ಟೇ ಸರಿ.

ಮೊದಲ ಸಲ ಬರೆದಂತೆಯೇ ಮಾಡಿ

ಎಣ್ಣೆ ಜಾಸ್ತಿ ಅನ್ನಿಸಲಿ, ಕ್ರಮ ವಿಚಿತ್ರ ಅನ್ನಿಸಲಿ, ಅಳತೆಯನ್ನು ನಮ್ಮ ಮನೆಗೆ ಇಳಿಸಿಕೊಂಡ ಮೇಲೆ ಮೊದಲ ಸಲ ಏನೂ ಬದಲಿಸಬೇಡಿ. ಮೊದಲೇ ಬದಲಿಸಿದರೆ ತಪ್ಪು ಪುಸ್ತಕದ್ದೋ ನಮ್ಮದೋ ತಿಳಿಯುವುದಿಲ್ಲ. ಅತಿಥಿಗಳು ಬರುವ ದಿನ ಮಾತ್ರ ಈ ಪ್ರಯೋಗ ಬೇಡ. ಒಲೆ ಹಚ್ಚುವ ಮೊದಲು ವಿಧಾನವನ್ನು ಕೊನೆಯವರೆಗೆ ಓದಿ. ‘ರಾತ್ರಿಯಿಡೀ ನೆನೆಸಿ’ ಎಂಬ ಸಾಲು ನಡುವಿನಲ್ಲೆಲ್ಲೋ ಅಡಗಿರುತ್ತದೆ.

ಮಾಡಿದ ಮೇಲೆ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ: ನೀರು ಅರ್ಧ ಲೋಟ ಜಾಸ್ತಿ ಬೇಕಾಯಿತು, ನಮ್ಮ ಒಲೆಯಲ್ಲಿ ಹತ್ತು ನಿಮಿಷ ಹೆಚ್ಚು ಹಿಡಿಯಿತು, ಮಕ್ಕಳು ಮುಟ್ಟಲಿಲ್ಲ. ಎರಡನೇ ಸಲ ನಿಮ್ಮ ಕೈಗೆ ತಕ್ಕಂತೆ ಬದಲಿಸಿ. ಒಂದೇ ಪುಸ್ತಕದಿಂದ ಮೂರು ಅಡುಗೆ ಮಾಡಿ ನೋಡಿ. ಮೂರಕ್ಕೆ ಎರಡು ಚೆನ್ನಾಗಿ ಬಂದರೆ ಪುಸ್ತಕ ಅಡುಗೆಮನೆಯಲ್ಲೇ ಇರಲಿ. ಮೂರೂ ಕೈಕೊಟ್ಟರೆ ಪೆನ್ಸಿಲ್ ಗುರುತು ಅಳಿಸಿ, ಹಳೆ ಪುಸ್ತಕದ ಅಂಗಡಿಗೆ ಕೊಟ್ಟು ಬೇರೆ ತನ್ನಿ.