ಬೆನ್ ನೆವಿಸ್: ಎರಡನೇ ಸಲಕ್ಕೆ ಸಿಕ್ಕ ಬೆಟ್ಟ

ಬೆನ್ ನೆವಿಸ್ ಬ್ರಿಟನ್ನಿನ ಅತಿ ಎತ್ತರದ ಬೆಟ್ಟ. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಊರಿನ ಪಕ್ಕದಲ್ಲಿದೆ. ಎತ್ತರ 1,345 ಮೀಟರ್. ನಾನು ಚಿಕ್ಕಮಗಳೂರಿನವಳು. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್ ಇದೆ. ಗ್ಲಾಸ್ಗೋಗೆ ಬಂದ ಹೊಸದರಲ್ಲಿ ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಅರ್ಧ ದಿನದ ಕೆಲಸ ಅಂದುಕೊಂಡೆ.

ಆದರೆ ಮುಳ್ಳಯ್ಯನಗಿರಿಗೆ ತುದಿಯ ಹತ್ತಿರದವರೆಗೂ ರಸ್ತೆ ಇದೆ. ಇಲ್ಲಿ ಗ್ಲೆನ್ ನೆವಿಸ್ ಕಣಿವೆಯಲ್ಲಿ ನಡಿಗೆ ಶುರುವಾಗುವುದೇ ಹೆಚ್ಚುಕಮ್ಮಿ ಸಮುದ್ರ ಮಟ್ಟದಿಂದ. 1,300 ಮೀಟರನ್ನು ಪೂರ್ತಿ ಕಾಲಲ್ಲೇ ಹತ್ತಬೇಕು. ಹೋಗಿ ಬರಲು ಸುಮಾರು 17 ಕಿಲೋಮೀಟರ್.

ಮೊದಲ ಸಲ ನಾನು, ನಮ್ಮ ಮನೆಯವರು ಏಪ್ರಿಲ್ ಕೊನೆಯಲ್ಲಿ ಹೋದೆವು. ಕೆಳಗೆ ಒಳ್ಳೆ ಬಿಸಿಲು. ಕಾಲಲ್ಲಿ ಸಾದಾ ಶೂ. ಅರ್ಧ ದಾರಿಯ ಕೆರೆ ದಾಟಿ, ರೆಡ್ ಬರ್ನ್ ಹಳ್ಳ ದಾಟಿ, ಅಂಕುಡೊಂಕಿನ ದಾರಿ ಹಿಡಿದೆವು. ಮೇಲೆ ಹೋದಂತೆ ದಾರಿಯೇ ಹಿಮದಡಿ ಮುಚ್ಚಿಹೋಗಿತ್ತು. ಇಳಿದು ಬರುತ್ತಿದ್ದ ಹಿರಿಯರೊಬ್ಬರು ನಮ್ಮ ಶೂ ನೋಡಿ ನಿಂತರು. ಮೇಲೆ ಬರೀ ಬಿಳಿ, ನೆಲ ಯಾವುದು ಮೋಡ ಯಾವುದು ಗೊತ್ತಾಗುವುದಿಲ್ಲ, ವಾಪಸ್ ಹೋಗಿ ಅಂದರು. "ರೀ, ಇಳಿಯೋಣ" ಅಂದೆ. ಇವರು ಮರುಮಾತಾಡಲಿಲ್ಲ. ಅವತ್ತು ಇಳಿದದ್ದು ಸರಿ ಅಂತ ಈಗಲೂ ಅನಿಸುತ್ತದೆ.

ಆಮೇಲೆ ಮೂರು ತಿಂಗಳು ಸಣ್ಣ ಬೆಟ್ಟಗಳನ್ನು ಹತ್ತಿ ಅಭ್ಯಾಸ ಮಾಡಿದೆವು. ನಾನು ಕಂಪಾಸ್ ಹಿಡಿಯುವುದನ್ನೂ ಕಲಿತೆ. ಯಾಕೆ ಅಂತ ಕೇಳಿ. ಬೆಟ್ಟದ ತಲೆ ಕಲ್ಲು ತುಂಬಿದ ಬಯಲು. ಉತ್ತರಕ್ಕೆ ನೇರ ಪ್ರಪಾತ, ಇಳಿಯುವ ದಾರಿಯ ಇನ್ನೊಂದು ಮಗ್ಗುಲಲ್ಲಿ ಫೈವ್ ಫಿಂಗರ್ ಗಲ್ಲಿ ಅನ್ನುವ ಕೊರಕಲು. ಮಧ್ಯದ ದಾರಿಯಲ್ಲೇ ಇಳಿಯಬೇಕು, ಅದೂ ಬಹುಪಾಲು ದಿನ ಮೋಡದೊಳಗೆ. ಇಲ್ಲಿನ ಚಾರಣಿಗರು ಎರಡು ಅಂಕಿ ಬಾಯಿಪಾಠ ಮಾಡಿಕೊಳ್ಳುತ್ತಾರೆ: ತುದಿಯ ಕಂಬದಿಂದ ಕಂಪಾಸಿನ 231 ಡಿಗ್ರಿ ದಿಕ್ಕು ಹಿಡಿದು 150 ಮೀಟರ್, ಅಲ್ಲಿಂದ 282 ಡಿಗ್ರಿ ದಿಕ್ಕು. 150 ಮೀಟರ್ ಅಂದರೆ ನನ್ನ ಎಷ್ಟು ಹೆಜ್ಜೆ ಅಂತ ಮನೆ ಹತ್ತಿರದ ಪಾರ್ಕಿನಲ್ಲಿ ಎಣಿಸಿ ಎಣಿಸಿ ರೂಢಿ ಮಾಡಿಕೊಂಡೆ.

ಎರಡನೇ ಸಲ ಹೋದದ್ದು ಆಗಸ್ಟಿನಲ್ಲಿ. ಬೆಳಗ್ಗೆ ಏಳಕ್ಕೆ ಹೊರಟೆವು. ಗಟ್ಟಿ ಬೂಟು, ಮಳೆ ಕೋಟು, ಉಣ್ಣೆ ಟೋಪಿ, ಕೈಗವಸು. ಬುತ್ತಿಗೆ ಚಪಾತಿ, ಚಟ್ನಿಪುಡಿ. ಕೆಳಗೆ ನುಸಿ ಕಾಟ. ಮೇಲೆ ಟೋಪಿ ಬೇಕೇ ಬೇಕು ಅನ್ನುವಷ್ಟು ಚಳಿ. ಮಲೆನಾಡಿನವರಿಗೆ ಮಳೆ ಹೊಸದಲ್ಲ, ಅಲ್ವಾ? ಆದರೆ ಇಲ್ಲಿನ ಹನಿ ಗಾಳಿಯ ಜೊತೆ ಅಡ್ಡಡ್ಡ ಬಂದು ಹೊಡೆಯುತ್ತದೆ. ಒದ್ದೆಯಾಗಿ ಐದು ನಿಮಿಷ ಸುಮ್ನೆ ನಿಂತರೆ ಬೆರಳು ಮರಗಟ್ಟುತ್ತವೆ.

ಐದು ಗಂಟೆ ಹಿಡಿಯಿತು. ತುದಿಯಲ್ಲಿ ಏನೂ ಕಾಣಲಿಲ್ಲ. ಆದರೂ ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಅಲ್ಲಿ ಮುರಿದುಬಿದ್ದ ಕಲ್ಲಿನ ಗೋಡೆಗಳಿವೆ. 1883ರಿಂದ 1904ರವರೆಗೆ ಅದು ಹವಾಮಾನ ವೀಕ್ಷಣಾಲಯ. ಚಳಿಗಾಲದಲ್ಲೂ ಜನ ಅಲ್ಲೇ ಇದ್ದು ಗಂಟೆಗೊಮ್ಮೆ ಅಳತೆ ಬರೆದಿಡುತ್ತಿದ್ದರು. ನಾವು ಹತ್ತಿದ ದಾರಿ ಕೂಡ ಅಲ್ಲಿಗೆ ಕುದುರೆ ಮೇಲೆ ಸಾಮಾನು ಸಾಗಿಸಲು ಮಾಡಿದ್ದು. 1894ರ ಸೆಪ್ಟೆಂಬರಿನಲ್ಲಿ ಸಿ.ಟಿ.ಆರ್. ವಿಲ್ಸನ್ ಎಂಬ ಯುವಕ ಅಲ್ಲಿ ಎರಡು ವಾರ ಕೆಲಸ ಮಾಡಿದ. ಬಿಸಿಲು ಬಿದ್ದಾಗ ಮೋಡದ ಮೇಲೆ ಮೂಡುವ ಬಣ್ಣದ ಉಂಗುರ ನೋಡಿ ಬೆರಗಾದ. ಅದನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡಲು ಹೊರಟವನು ಕೊನೆಗೆ ಕಣ್ಣಿಗೆ ಕಾಣದ ಕಣಗಳ ಜಾಡು ತೋರಿಸುವ ಕ್ಲೌಡ್ ಚೇಂಬರ್ ಎಂಬ ಸಾಧನ ರೂಪಿಸಿದ. ಅದಕ್ಕೆ 1927ರಲ್ಲಿ ನೊಬೆಲ್ ಬಂತು. ನಾನು ಕೂತಿದ್ದೂ ಅಂಥದೇ ಮೋಡದೊಳಗೆ. ಚಪಾತಿ ತಿನ್ನುತ್ತಾ ಇದನ್ನೆಲ್ಲ ಇವರಿಗೆ ಹೇಳಿದೆ.

ವರ್ಷಕ್ಕೆ ಲಕ್ಷಕ್ಕೂ ಜಾಸ್ತಿ ಜನ ಈ ಬೆಟ್ಟ ಹತ್ತುತ್ತಾರೆ. ಅವತ್ತೂ ಜನ ಇದ್ದರು, ದಾರಿಗುರುತಿಗೆ ಕಲ್ಲಿನ ಗುಡ್ಡೆಗಳೂ ಇದ್ದವು. ಆದರೂ ನಾನು ಕಂಪಾಸ್ ತೆಗೆದೆ. 231 ಹಿಡಿದೆ, ಹೆಜ್ಜೆ ಎಣಿಸಿದೆ. ಎಡಬಲ ಬರೀ ಬಿಳಿ. ಎಣಿಕೆ ಮುಗಿದ ಕಡೆ ನಿಂತು 282ಕ್ಕೆ ತಿರುಗಿದೆ. ಸ್ವಲ್ಪ ಹೊತ್ತಿಗೆ ದಾರಿ ಕಾಲಡಿ ಸ್ಪಷ್ಟವಾಯಿತು. ಇನ್ನೂ ಕೆಳಗಿಳಿದಾಗ ಮೋಡ ತೆರೆದು, ಅರ್ಧ ದಾರಿಯ ಕೆರೆ ಬಿಸಿಲಿಗೆ ಹೊಳೆಯುತ್ತಾ ಕಂಡಿತು. "ನೋಡೇ, ಕೆರೆ!" ಅಂತ ಇವರು ಕೂಗಿದರು.