ಮುದಿ ನಾಯಿ ಹಾಸಿಗೆ ಒದ್ದೆ ಮಾಡಿದರೆ

ವಯಸ್ಸಾದ ನಾಯಿ ಮಲಗಿದಲ್ಲೇ ಉಚ್ಚೆ ಮಾಡಿಕೊಳ್ಳಲು ಶುರು ಮಾಡಿದರೆ ಮನೆಯವರಿಗೆ ಮೊದಲು ಹೊಳೆಯುವುದು ನೀರಿನ ಬಟ್ಟಲು ಎತ್ತಿಡುವುದು. ಅದೊಂದನ್ನು ಮಾಡಬೇಡಿ. ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಂತೂ ಬೇಡವೇ ಬೇಡ. ಕಿಡ್ನಿ ಸೋತ ನಾಯಿಗೆ ನೀರು ತಪ್ಪಿಸಿದರೆ ಉಚ್ಚೆ ನಿಲ್ಲುವುದಿಲ್ಲ, ನಾಯಿಯೇ ಕುಸಿದುಬಿಡುತ್ತದೆ.

ಬೈಯುವುದೂ ದಂಡ. ಮೊದಲು ಕೂತು ಗಮನಿಸಿ. ನಿದ್ದೆಯಲ್ಲಿ ತನಗೇ ಗೊತ್ತಿಲ್ಲದೆ ಸೋರುತ್ತಿದೆಯಾ, ಇಲ್ಲಾ ಎದ್ದು ಹೋಗಿ ಮೂಲೆಯಲ್ಲಿ ಮಾಡುತ್ತಿದೆಯಾ? ಎರಡೂ ಬೇರೆ ಬೇರೆ ಕಥೆ. ನಮ್ಮ ರಾಣಿ ಹಗಲೆಲ್ಲ ಸರಿಯಾಗಿಯೇ ಇರುತ್ತಿದ್ದಳು, ನಿದ್ದೆ ಹತ್ತಿದರೆ ಮಾತ್ರ ಹಿಂಭಾಗವೆಲ್ಲ ಒದ್ದೆ. ಮರಿಯಾಗದಂತೆ ಆಪರೇಷನ್ ಮಾಡಿಸಿದ ಹೆಣ್ಣು ನಾಯಿಗಳಲ್ಲಿ ಇದು ಜಾಸ್ತಿ, ಅದರಲ್ಲೂ ಮೈಕಟ್ಟು ದೊಡ್ಡದಿದ್ದರೆ. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಕಡಿಮೆಯಾಗಿ ಮೂತ್ರದ ದಾರಿ ಬಿಗಿಹಿಡಿಯುವ ಸ್ನಾಯು ಸಡಿಲವಾಗುತ್ತದೆ. ಆಪರೇಷನ್ ಆಗಿ ಎಷ್ಟೋ ವರ್ಷದ ಮೇಲೂ ಬರಬಹುದು. ಹಾಗಂತ ಆಪರೇಷನ್ ಮಾಡಿಸಿದ್ದೇ ತಪ್ಪು ಅಂತ ಕೊರಗಬೇಡಿ, ಇದಕ್ಕೆ ಮಾತ್ರೆ ಇದೆ. ಫಿನೈಲ್‌ಪ್ರೊಪನಾಲಮೈನ್ ಅಥವಾ ಎಸ್ಟ್ರಿಯೋಲ್ ಕೊಡುತ್ತಾರೆ. ಮೊದಲನೆಯದು ಬಿಪಿ ಏರಿಸುತ್ತದೆ, ಹಾಗಾಗಿ ಹೃದಯದ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಎದ್ದು ಹೋಗಿ ಪದೇ ಪದೇ ಸ್ವಲ್ಪ ಸ್ವಲ್ಪ ಮಾಡುತ್ತಿದ್ದರೆ ಮೂತ್ರದ ಸೋಂಕು ಇರಬಹುದು. ಬಟ್ಟಲುಗಟ್ಟಲೆ ನೀರು ಕುಡಿದು ಕೊಳ ಮಾಡುತ್ತಿದ್ದರೆ ಸಕ್ಕರೆ ಕಾಯಿಲೆ, ಕಿಡ್ನಿ ಇವೆಲ್ಲ ನೋಡಿಸಬೇಕು. ಒಂದು ದಿನ ನೀರು ಅಳೆದು ಇಡಿ, ಮರುದಿನ ಉಳಿದದ್ದನ್ನು ಅಳೆಯಿರಿ. ದಿನಕ್ಕೆ ಕಿಲೋ ತೂಕಕ್ಕೆ 100 ಮಿಲೀ ದಾಟಿದರೆ, ಅಂದರೆ 20 ಕಿಲೋ ನಾಯಿ 2 ಲೀಟರ್‌ಗಿಂತ ಜಾಸ್ತಿ ಕುಡಿದರೆ, ಅದು ಬರೀ ಸೆಖೆಯ ಬಾಯಾರಿಕೆ ಅಂತ ಬಿಡಬೇಡಿ. ತುರಿಕೆಗೆ ಸ್ಟೀರಾಯ್ಡ್ ಮಾತ್ರೆ ಕೊಡುತ್ತಿದ್ದೀರಾ? ಅದರಿಂದಲೂ ನೀರಡಿಕೆ, ಉಚ್ಚೆ ಎರಡೂ ಹೆಚ್ಚುತ್ತವೆ. ತಟ್ಟನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ತಡ ಮಾಡಬಾರದ್ದು ಎರಡಿವೆ. ತಿಣುಕಿದರೂ ಹನಿ ಉಚ್ಚೆ ಬರದಿದ್ದರೆ ಆವತ್ತೇ ಪಶು ವೈದ್ಯರ ಹತ್ತಿರ ಹೋಗಿ. ಆಪರೇಷನ್ ಆಗದ ಹೆಣ್ಣು ನಾಯಿ ಬೆದೆ ಮುಗಿದ ಕೆಲವು ವಾರದಲ್ಲಿ ಊಟ ಬಿಟ್ಟು ನೀರು ಜಾಸ್ತಿ ಕುಡಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ವಾಸನೆಯ ಸ್ರಾವ ಕೆಲವೊಮ್ಮೆ ಕಾಣುತ್ತದೆ, ಕೆಲವೊಮ್ಮೆ ಇಲ್ಲ. ಅದಕ್ಕೂ ಮರುದಿನದವರೆಗೆ ಕಾಯಬೇಡಿ.

ಪರೀಕ್ಷೆಗೆ ಬೆಳಗಿನ ಮೊದಲ ಉಚ್ಚೆ ಒಳ್ಳೆಯದು. ಹೆಣ್ಣು ನಾಯಿ ಕುಕ್ಕರಿಸಿದಾಗ ಹಿಂದಿನಿಂದ ಉದ್ದ ಹಿಡಿಯ ಸೌಟು ಸರಿಸಿದರೆ ಆಯಿತು. ಆ ಸೌಟು ಆಮೇಲೆ ಅಡುಗೆಮನೆಗೆ ವಾಪಸ್ಸು ಬರಬಾರದು, ಅಷ್ಟೇ.

ಇನ್ನು ಹಾಸಿಗೆ. ದುಬಾರಿ ಬೆಡ್ ತಂದು ಹಾಳು ಮಾಡಬೇಡಿ. ಕೆಳಗೆ ಎಳೆಮಕ್ಕಳಿಗೆ ಹಾಸುವ ರಬ್ಬರ್ ಶೀಟ್, ಮೇಲೆ ಹಳೆ ಹತ್ತಿ ಸೀರೆಯ ಕೌದಿ. ಎರಡು ಮೂರು ಕೌದಿ ಇದ್ದರೆ ಒಂದು ಒಗೆಯಲು, ಒಂದು ಹಾಸಲು. ಗೊಬ್ಬರದ ಚೀಲ ಮಾತ್ರ ಬೇಡ, ತೊಳೆದರೂ ಅಂಟಿಕೊಂಡ ಗೊಬ್ಬರ ಉಳಿದಿರುತ್ತದೆ, ನಾಯಿ ನೆಕ್ಕುತ್ತದೆ.

ಒರೆಸುವಾಗ ಮೊದಲು ಒಣಬಟ್ಟೆಯಿಂದ ಹೀರಿಸಿ, ಆಮೇಲೆ ಸೋಪಿನ ನೀರು. ಫಿನಾಯಿಲ್ ಸುರಿಯುವ ಅಭ್ಯಾಸ ಬಿಡಿ, ಪಾದಕ್ಕೆ ಹತ್ತಿ ನೆಕ್ಕಿದರೆ ಹೊಟ್ಟೆಗೇ ಹೋಗುತ್ತದೆ. ಉಚ್ಚೆಯ ಮೇಲೆ ಬ್ಲೀಚ್ ಹಾಕಿದರೆ ಕಣ್ಣು ಮೂಗು ಉರಿಸುವ ಗಾಳಿ ಏಳುತ್ತದೆ. ವಾಸನೆ ಹೋಗಲು ವಿನೆಗರ್ ಒಳ್ಳೆಯದೇ, ಆದರೆ ಕಡಪ ಕಲ್ಲು, ಮಾರ್ಬಲ್ ನೆಲಕ್ಕೆ ಬೇಡ, ಹುಳಿಗೆ ಹೊಳಪು ಹೋಗುತ್ತದೆ. ಅಲ್ಲಿ ಅಡುಗೆ ಸೋಡಾ ಉದುರಿಸಿ ಒರೆಸಿ.

ನನಗೆ ನೆಲಕ್ಕಿಂತ ಚರ್ಮದ್ದೇ ಚಿಂತೆ. ಒದ್ದೆಯಲ್ಲೇ ಮಲಗಿದ ನಾಯಿಯ ತೊಡೆಸಂದಿ ಕೆಂಪಾಗಿ ಸಿಪ್ಪೆ ಏಳುತ್ತದೆ. ಮಳೆಗಾಲದಲ್ಲಿ ನೊಣ ಕೂತರೆ ಹುಳ ಬೀಳಲು ಹೊತ್ತು ಬೇಕಿಲ್ಲ. ಅಲ್ಲಿನ ಉದ್ದ ಕೂದಲು ಕತ್ತರಿಸಿ. ದಿನಾ ಉಗುರು ಬೆಚ್ಚಗಿನ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಪೂರ್ತಿ ಒಣಗಲು ಬಿಡಿ. ಆಮೇಲೆ ತೆಳ್ಳಗೆ ಕೊಬ್ಬರಿ ಎಣ್ಣೆ ಸಾಕು. ಹುಣ್ಣಾಗಿದ್ದರೆ ಎಣ್ಣೆ ಬೇಡ, ತೋರಿಸಿ. ಡೈಪರ್ ಹಾಕುವವರು ಬಾಲಕ್ಕೊಂದು ತೂತು ಮಾಡಿ ಮಕ್ಕಳದ್ದನ್ನೇ ಹಾಕಬಹುದು. ಆದರೆ ಮೂರು ನಾಲ್ಕು ಗಂಟೆಗೆ ಬದಲಿಸಬೇಕು. ಇಡೀ ರಾತ್ರಿ ಬಿಟ್ಟರೆ ಸೋಂಕನ್ನು ನಾವೇ ಕರೆದಂತೆ.

ಎಷ್ಟೋ ಮುದಿ ನಾಯಿಗಳಿಗೆ ತೊಂದರೆ ಮೂತ್ರಕೋಶದ್ದಲ್ಲ, ಕಾಲಿನದು. ನಯವಾದ ಟೈಲ್ಸ್ ಮೇಲೆ ಏಳಲಾಗದೆ ಅಲ್ಲೇ ಮಾಡಿಬಿಡುತ್ತವೆ, ಪಾಪ. ಮಲಗುವ ಜಾಗದಿಂದ ಬಾಗಿಲವರೆಗೆ ಗೋಣಿತಾಟು ಹಾಸಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಊಟ ಆದ ಮೇಲೆ, ಮಲಗುವ ಮುಂಚೆ, ಬೆಳಗ್ಗೆ ಎದ್ದ ಕೂಡಲೆ ಹೊರಗೆ ಕರೆದುಕೊಂಡು ಹೋಗಿ. ಮಂಡಿ ನೋವಿಗೆ ಅಂತ ನಮ್ಮ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ಮುರಿದು ಕೊಡಬೇಡಿ. ಚೂರು ಕೊಟ್ಟರೂ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿಗೂ ಪೆಟ್ಟು. ನಾಯಿಗೆಂದೇ ಬೇರೆ ನೋವಿನ ಮಾತ್ರೆ ಇದೆ, ಡಾಕ್ಟರ್ ತೂಕ ನೋಡಿ ಬರೆದುಕೊಡುತ್ತಾರೆ.